ತೋಟದ ಮನೆಯ ಗಂಡು, ತಿಂಗಳ ಸಂಬಳದ ಹೆಣ್ಣು

ಈ ಸಲ ಸಂಪಾದಕರು ಕಳುಹಿಸಿದ ಕಟ್ಟಿನಲ್ಲಿ ಹದಿನೇಳು ಪತ್ರಗಳಿದ್ದವು. ಹನ್ನೊಂದು ಒಂದೇ ವಿಷಯದವು: ಓದು, ಸಂಬಳ, ಮದುವೆ. ಆಷಾಢ ಮುಗಿಯುವ ಹೊತ್ತಿಗೆ ಪ್ರತಿ ವರ್ಷವೂ ಹೀಗೆಯೇ. ಮಳೆಗೆ ಮನೆಯೊಳಗೆ ಕುಳಿತವರಿಗೆಲ್ಲ ಶ್ರಾವಣದ ಲಗ್ನಗಳು ನೆನಪಾಗುತ್ತವೆ. ಹನ್ನೊಂದರಲ್ಲಿ ಐದನ್ನು ಆರಿಸಿ, ಗುರುತು ಸಿಗದಂತೆ ಮೊಟಕು ಮಾಡಿ ಕೊಟ್ಟಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಮನಶ್ಶಾಸ್ತ್ರ ಓದಿದವಳಲ್ಲ. ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದವಳು, ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮನೆಯ ಸೊಸೆ. ಆದ್ದರಿಂದ ಪ್ರೀತಿಯ ಪ್ರಶ್ನೆ ಕೇಳಿದರೂ ಲೆಕ್ಕ ಹಾಕಲು ಕುಳಿತುಬಿಡುತ್ತೇನೆ. ಇಷ್ಟವಾಗದವರು ಪುಟ ತಿರುಗಿಸಬಹುದು, ಮುಂದೆ ಪತ್ರೊಡೆ ಮಾಡುವ ವಿಧಾನವಿದೆ.

ಪ್ರಶ್ನೆ: ನನಗೆ 34 ವರ್ಷ, ಬಿ.ಕಾಂ. ಮಾಡಿದ್ದೇನೆ. ನಾಲ್ಕು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ, ಸಾಲವಿಲ್ಲ. ಆರು ವರ್ಷದಿಂದ ಹೆಣ್ಣು ಹುಡುಕುತ್ತಿದ್ದಾರೆ. ಇಪ್ಪತ್ತಮೂರು ಕಡೆ ಜಾತಕ ಹೋಗಿ ವಾಪಸು ಬಂದಿದೆ. ಎಲ್ಲ ಕಡೆಯೂ ಒಂದೇ ಮಾತು: ‘ಹುಡುಗ ಒಳ್ಳೆಯವನೇ, ಆದರೆ ತೋಟದಲ್ಲಿದ್ದಾನಲ್ಲ.’ ಬೆಂಗಳೂರಿನಲ್ಲಿ 20 ಸಾವಿರಕ್ಕೆ ದುಡಿಯುವವನಿಗೆ ಹೆಣ್ಣು ಸಿಗುತ್ತದೆ, ನನಗಿಲ್ಲ. ತಂಗಿಯನ್ನು ಬೆಂಗಳೂರಿನ ಇಂಜಿನಿಯರ್‌ಗೆ ಕೊಟ್ಟಿದ್ದೇವೆ, ಸುಖವಾಗಿದ್ದಾಳೆ. ಭಾವ ಅಲ್ಲೊಂದು ಗೋದಾಮಿನಲ್ಲಿ ಕೆಲಸ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಎರಡು ವರ್ಷ ಅಲ್ಲಿದ್ದು, ಮದುವೆ ಮಾಡಿಕೊಂಡು, ಆಮೇಲೆ ಊರಿಗೆ ಬಂದುಬಿಡು ಎಂದು ಅಮ್ಮನ ಸಲಹೆ. ಏನು ಮಾಡಲಿ ಮೇಡಂ? ಈಗಿನ ಹುಡುಗಿಯರಿಗೆ ದುಡ್ಡೇ ಮುಖ್ಯವೇ? — ಹೊಸನಗರ ತಾಲ್ಲೂಕಿನಿಂದ

ಉತ್ತರ: ಅಮ್ಮನ ಸಲಹೆಯನ್ನು ಮೊದಲು ಬದಿಗಿಡಿ. ಪೇಟೆಯವನೆಂದು ತೋರಿಸಿ ಮದುವೆಯಾಗಿ ಹಳ್ಳಿಗೆ ಕರೆತರುವುದು ಮೋಸ. ಆ ಮೋಸಕ್ಕೆ ಸಿಕ್ಕಿದವಳು ನಿಮ್ಮ ಹಂಡೆ ಒಲೆಯ ಮುಂದೆ ಕುಳಿತು ಜೀವನಪೂರ್ತಿ ಅದನ್ನೇ ಲೆಕ್ಕ ಹಾಕುತ್ತಿರುತ್ತಾಳೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಾಲ್ಕು ಎಕರೆ, ಎಕರೆಗೆ ಎಂಟು ಕ್ವಿಂಟಲ್ ಒಣ ಅಡಿಕೆ ಎಂದು ಹಿಡಿಯೋಣ. ರಾಶಿ ಇಡಿಗೆ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆಗೆ, ಕ್ವಿಂಟಲ್‌ಗೆ 50 ಸಾವಿರ ಎಂದಿಟ್ಟುಕೊಂಡರೆ ವರ್ಷಕ್ಕೆ 16 ಲಕ್ಷ. ಗೊಬ್ಬರ, ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ, ಕೊನೆ ತೆಗೆಯುವುದು, ಸುಲಿಯುವುದು, ಬೇಯಿಸುವುದು, ಎಲ್ಲಕ್ಕೂ ಅರ್ಧ ಹೋಯಿತು ಎನ್ನಿ. ಉಳಿದದ್ದು 8 ಲಕ್ಷ, ತಿಂಗಳಿಗೆ 66 ಸಾವಿರ. ನಿಮ್ಮ ತಾಲ್ಲೂಕಿಗೆ ಎಲೆಚುಕ್ಕಿ ರೋಗ ಬಂದು ಕುಳಿತಿದೆ, ಒಂದು ಮಳೆ ಹೆಚ್ಚಾದರೆ ಕೊಳೆ ರೋಗವೂ ಸೇರಿಕೊಳ್ಳುತ್ತದೆ. ಅದಕ್ಕೆಂದು ಇನ್ನೂ ಅರ್ಧ ಕಳೆಯಿರಿ. ಆಗಲೂ ಗೋದಾಮಿನ 20 ಸಾವಿರಕ್ಕಿಂತ ಮೇಲೆಯೇ. ಅಂದರೆ ಆ ಇಪ್ಪತ್ತಮೂರು ಮನೆಯವರು ಹೆಚ್ಚು ದುಡ್ಡನ್ನು ಬಿಟ್ಟು ಕಡಿಮೆ ದುಡ್ಡಿನ ಕಡೆಗೆ ಹೋಗಿದ್ದಾರೆ. ಹುಡುಗಿಯರಿಗೆ ದುಡ್ಡೇ ಮುಖ್ಯವಾಗಿದ್ದರೆ ನಿಮಗೆ ಮೊದಲ ವರ್ಷವೇ ಮದುವೆಯಾಗಬೇಕಿತ್ತು.

ಹಾಗಾದರೆ ಅವರು ಬೇಡವೆಂದದ್ದು ಏನನ್ನು? ನನಗೊಂದು ಪ್ರಶ್ನೆಗೆ ಉತ್ತರ ಹೇಳಿ: ನಿಮ್ಮ ಅಮ್ಮ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ? ಕೊಟ್ಟಿಗೆಗೆ ಸೊಪ್ಪು ಹಾಕುವವರು ಯಾರು, ಬಚ್ಚಲೊಲೆಗೆ ದರಕು ತುಂಬುವವರು ಯಾರು, ಕೊಯ್ಲಿನ ಕಾಲದಲ್ಲಿ ಕೆಲಸದವರಿಗೆಲ್ಲ ಎರಡು ಹೊತ್ತು ಕಾಫಿ, ಒಂದು ಹೊತ್ತು ಊಟ ಯಾರ ಕೈಯಿಂದ ಹೋಗುತ್ತದೆ? ಅಷ್ಟೆಲ್ಲ ಮಾಡುವ ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಎಷ್ಟಿದೆ? ಹುಡುಗಿ ನಿಮ್ಮ ಮನೆಗೆ ಬಂದಾಗ ಅವಳ ಕಣ್ಣು ನಿಮ್ಮ ಮೇಲೆ ಮಾತ್ರ ಇರುವುದಿಲ್ಲ. ಚಹದ ತಟ್ಟೆ ಹಿಡಿದು ಬಂದ ನಿಮ್ಮ ಅಮ್ಮನ ಕೈಯನ್ನು ಅವಳು ನೋಡುತ್ತಾಳೆ. ಅಡಿಕೆ ಚೊಗರು ಹತ್ತಿ ಕಪ್ಪಾದ ಆ ಬೆರಳುಗಳು ತನ್ನವೂ ಆಗುತ್ತವೆ ಎಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ. ಅವಳು ಅಂಥದೇ ಮನೆಯಲ್ಲಿ ಬೆಳೆದವಳು.

ಇನ್ನೊಂದು, ದುಡ್ಡು ಬರುವ ರೀತಿ. ಗೋದಾಮಿನವನ 20 ಸಾವಿರ ತಿಂಗಳ ಮೊದಲ ವಾರದಲ್ಲಿ ಅವನ ಮೊಬೈಲಿಗೆ ಬಂದು ಬೀಳುತ್ತದೆ, ಗಂಡ ಹೆಂಡತಿ ಇಬ್ಬರೇ ಕುಳಿತು ಖರ್ಚು ಮಾಡುತ್ತಾರೆ. ನಿಮ್ಮ 8 ಲಕ್ಷ ಅಡಿಕೆ ಮಂಡಿಯ ಲೆಕ್ಕದ ಪಟ್ಟಿಯಾಗಿ ವರ್ಷಕ್ಕೊಮ್ಮೆ, ಎರಡು ಸಲ, ನಿಮ್ಮ ತಂದೆಯವರ ಕೈಗೆ ಬರುತ್ತದೆ. ಸೊಸೆಗೆ ಒಂದು ಚಪ್ಪಲಿ ಬೇಕಾದರೆ ಅವಳು ನಿಮಗೆ ಹೇಳಬೇಕು, ನೀವು ಅಮ್ಮನಿಗೆ, ಅಮ್ಮ ಅಪ್ಪನಿಗೆ. 34ನೇ ವಯಸ್ಸಿನಲ್ಲಿ ನಿಮ್ಮದೇ ಎನ್ನುವ ದುಡ್ಡು ಎಷ್ಟಿದೆ ಎಂದು ಪತ್ರದಲ್ಲಿ ನೀವು ಬರೆದಿಲ್ಲ. ಪಹಣಿ ಯಾರ ಹೆಸರಿನಲ್ಲಿದೆ ಎಂದೂ ಬರೆದಿಲ್ಲ. ತೋಟ ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯ ಪ್ರಕಾರ ಬೆಂಗಳೂರಿನ ನಿಮ್ಮ ತಂಗಿಗೂ ಅದರಲ್ಲಿ ನಿಮ್ಮಷ್ಟೇ ಪಾಲಿದೆ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 1994ರಲ್ಲೇ, ಮದುವೆಯಾಗದ ಹೆಣ್ಣುಮಕ್ಕಳಿಗೆ ಆ ಹಕ್ಕು ಬಂದಿತ್ತು. ಹೆಣ್ಣಿನ ತಂದೆಗೆ ಇದೆಲ್ಲ ಗೊತ್ತಿರುತ್ತದೆ. ನೀವು ನಾಲ್ಕು ಎಕರೆ ಎಂದಾಗ ಅವರು ಮನಸ್ಸಿನಲ್ಲೇ ಭಾಗ ಮಾಡಿ ಆಗಿರುತ್ತದೆ.

ತಂಗಿಯ ವಿಷಯ ಬಂದದ್ದರಿಂದ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವಳಿಗೆ ತೋಟದವರ ಸಂಬಂಧ ಒಂದೂ ಬಂದಿರಲಿಲ್ಲವೇ? ಬಂದಾಗ ನಿಮ್ಮ ಜಗಲಿಯಲ್ಲಿ ಕುಳಿತು ಏನು ಹೇಳಿ ಕಳುಹಿಸಿದಿರಿ?

ಇದು ನಮ್ಮ ಕಡೆಯ ಕಾಯಿಲೆ ಮಾತ್ರ ಅಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರಲ್ಲೂ ಬೇಸಾಯದವರೇ ಹೆಚ್ಚು. ಮಾದಪ್ಪನ ಮೇಲೆ ನನಗೆ ಭಕ್ತಿಯಿದೆ, ಆದರೆ ಈ ಕೆಲಸವನ್ನು ಅವನೊಬ್ಬನ ಮೇಲೆ ಹಾಕುವುದು ನ್ಯಾಯವಲ್ಲ.

ನಿಮ್ಮ ಕೈಯಲ್ಲಿ ಆಗುವುದು ಇಷ್ಟು. ತಂದೆಯವರ ಹತ್ತಿರ ಕುಳಿತು ಮಾತಾಡಿ: ಇಡೀ ತೋಟ ಬೇಡ, ತೋಟ ನೋಡಿಕೊಳ್ಳುವುದಕ್ಕೆ ತಿಂಗಳಿಗಿಷ್ಟು ಎಂದು ನಿಮ್ಮ ಖಾತೆಗೆ ಹಾಕಲಿ. ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರೂ ಸರಿ, ನೀವೇ ಕೊಯ್ಲು ಮಾಡಿದರೂ ಸರಿ, ಅದು ತಿಂಗಳು ತಿಂಗಳು ಬರಲಿ. ಮದುವೆಯಾದ ಮೇಲೆ ಅದೇ ಖಾತೆಗೆ ಹೆಂಡತಿಯ ಹೆಸರು ಸೇರಲಿ. ಅಡುಗೆಮನೆಗೆ ನಲ್ಲಿ ಬರಲಿ, ಸೌದೆ ಒಲೆ ಹಬ್ಬಕ್ಕೆ ಮಾತ್ರ ಇರಲಿ. ಹುಡುಗಿ ಮನೆ ನೋಡಲು ಬರುವುದಾದರೆ ಜನವರಿಯ ಬಿಸಿಲಿನಲ್ಲಿ ಕರೆಯಬೇಡಿ. ಆಷಾಢದಲ್ಲಿ ಕರೆಯಿರಿ. ಕರೆಂಟು ಹೋಗಿ, ಉಂಬಳ (ಜಿಗಣೆ) ಕಾಲಿಗೆ ಹತ್ತಿ, ನೆಟ್‌ವರ್ಕ್ ಇಲ್ಲದೆ ಇರುವ ದಿನವನ್ನೂ ಅವಳು ನೋಡಲಿ. ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ಇಳಿಯಿತು, ಸರಿ. ನಿಮ್ಮ ಊರಿಗೆ ಸಂಜೆ ಆರರ ಮೇಲೆ ಬಸ್ಸಿದೆಯೇ? ಇಲ್ಲದಿದ್ದರೆ ಅವಳು ಸ್ಕೂಟರ್ ಓಡಿಸುತ್ತಾಳೆಯೇ, ಓದಿದ ಓದಿಗೆ ಹೊಸನಗರದಲ್ಲೋ ಸಾಗರದಲ್ಲೋ ಕೆಲಸ ಮಾಡಲು ಇಷ್ಟವಿದೆಯೇ ಎಂದು ನೀವೇ ಮೊದಲು ಕೇಳಿ. ‘ಕೆಲಸಕ್ಕೆ ಹೋದರೆ ನಮ್ಮ ಅಭ್ಯಂತರವಿಲ್ಲ’ ಎನ್ನುವ ದೊಡ್ಡಸ್ತಿಕೆಯ ಮಾತನ್ನು ಮಾತ್ರ ಆಡಬೇಡಿ. ಅವಳು ನಿಮ್ಮ ಅನುಮತಿಯನ್ನು ಕೇಳಿಲ್ಲ.

ಇನ್ನು ಆ ಇಪ್ಪತ್ತಮೂರು ಜಾತಕಗಳು. ಅವುಗಳಲ್ಲಿ ನಿಮ್ಮ ಒಳಪಂಗಡದ ಆಚೆಯದು ಎಷ್ಟು? ಒಮ್ಮೆ ಮದುವೆಯಾಗಿ ಬಿಟ್ಟುಬಂದವಳದು, ಗಂಡ ಸತ್ತವಳದು, ನಿಮಗಿಂತ ಒಂದೆರಡು ವರ್ಷ ದೊಡ್ಡವಳದು ಎಷ್ಟು? ಸೊನ್ನೆ ಎಂದು ನನ್ನ ಅಂದಾಜು. ಹೆಣ್ಣುಗಳ ಬರ ಎನ್ನುತ್ತೀರಿ, ಬೇಲಿ ನೀವೇ ಹಾಕಿಕೊಂಡದ್ದು.

ಪ್ರಶ್ನೆ: ಊರು ಶಿವಮೊಗ್ಗ, ಕೆಲಸ ಬೆಂಗಳೂರಿನಲ್ಲಿ, ವಯಸ್ಸು 28, ಬಿ.ಇ. ಡೇಟಿಂಗ್ ಆ್ಯಪ್‌ನಲ್ಲಿ ಒಬ್ಬ ಹುಡುಗನ ಪರಿಚಯವಾಯಿತು. ನಮ್ಮ ಭದ್ರಾವತಿಯವನೇ ಎಂದು ಖುಷಿಯಾಗಿ ಭೇಟಿಯಾದೆ. ‘ಟೆಕ್ನಿಕಲ್ ಕೆಲಸ’ ಎಂದು ಬರೆದುಕೊಂಡಿದ್ದ. ನಾಲ್ಕನೇ ಭೇಟಿಯಲ್ಲಿ, ಐಟಿಐ ಓದಿ ಲಿಫ್ಟ್ ರಿಪೇರಿ ಮಾಡುತ್ತೇನೆ ಎಂದು ಹೇಳಿದ. ಅವನಿಗೆ ತಿಂಗಳಿಗೆ 32 ಸಾವಿರ, ನನಗೆ 85 ಸಾವಿರ. ಒಂದೂವರೆ ವರ್ಷವಾಯಿತು. ಅವನ ಜೊತೆ ಇದ್ದಷ್ಟು ನಿರಾಳವಾಗಿ ನಾನು ಯಾರ ಜೊತೆಯೂ ಇಲ್ಲ. ಆದರೆ ನನ್ನ ಗೆಳತಿಯರ ಎದುರು ಅವನು ಬಾಯಿ ಬಿಡುವುದಿಲ್ಲ. ಹುಟ್ಟುಹಬ್ಬಕ್ಕೆ ಮೊಬೈಲ್ ಕೊಟ್ಟರೆ ಮೂರು ವಾರ ಡಬ್ಬಿಯಲ್ಲೇ ಇಟ್ಟಿದ್ದ. ‘ಐಟಿಐ ಹುಡುಗನಿಗೆ ಕೊಡಲು ನಿನ್ನನ್ನು ಬಿ.ಇ. ಓದಿಸಿದೆವೇ?’ ಎಂದು ಅಪ್ಪ ಕೇಳುತ್ತಾರೆ. ಜಾತಿಯೂ ಬೇರೆ. ಅದನ್ನು ಅಪ್ಪ ಹೇಳುವುದಿಲ್ಲ, ಓದನ್ನು ಮಾತ್ರ ಹೇಳುತ್ತಾರೆ. ಅವನು ಮೊದಲು ಸುಳ್ಳು ಹೇಳಿದ್ದನ್ನು ಹೇಗೆ ತೆಗೆದುಕೊಳ್ಳಲಿ? — ಹೆಸರು ಬೇಡ

ಉತ್ತರ: ಸುಳ್ಳಿನಿಂದಲೇ ಶುರು ಮಾಡುತ್ತೇನೆ. ಆ ವಿಷಯದಲ್ಲಿ ನನಗೂ ಅನುಭವವಿದೆ.

ನನ್ನ ಮದುವೆ 1988ರಲ್ಲಿ. ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಿ ಆಗತಾನೇ ಕೆಲಸಕ್ಕೆ ಸೇರಿದ್ದೆ. ನಮ್ಮವರು ಪಿಯುಸಿಗೆ ನಿಂತವರು, ಎರಡೂವರೆ ಎಕರೆ ತೋಟ. ನಾನೇ ಒಪ್ಪಿ ಆದ ಮದುವೆ. ಅವರು ನಗಿಸುತ್ತಿದ್ದರು, ಅಷ್ಟು ಸಾಕಾಗಿತ್ತು. ಮರುವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆ ಅವರನ್ನು ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಉಗುರಿನ ಸಂದಿಯ ಚೊಗರು ಮಾತ್ರ ಹೋಗಿರಲಿಲ್ಲ. ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು, ‘ಯಜಮಾನರು ಏನು ಮಾಡಿಕೊಂಡಿದ್ದಾರೆ?’ ನಾನು ಥಟ್ಟನೆ ‘ಅಗ್ರಿಕಲ್ಚರಿಸ್ಟ್’ ಎಂದೆ. ನಮ್ಮವರು ಪಕ್ಕದಲ್ಲೇ ಇದ್ದರು. ವಾಪಸು ಬರುವಾಗ ಮಂಡಗದ್ದೆ ದಾಟುವವರೆಗೂ ಬಸ್ಸಿನಲ್ಲಿ ಮಾತಿಲ್ಲ. ಆಮೇಲೆ ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ ಕೇಳಿದರು: ‘ತೋಟ ಮಾಡುತ್ತಾರೆ ಅಂದಿದ್ದರೆ ಆಗುತ್ತಿರಲಿಲ್ಲವಾ?’

ನಿಮ್ಮ ಹುಡುಗನ ‘ಟೆಕ್ನಿಕಲ್’ ಮತ್ತು ನನ್ನ ‘ಅಗ್ರಿಕಲ್ಚರಿಸ್ಟ್’ ಒಂದೇ ಅಂಗಡಿಯ ಸರಕು. ವ್ಯತ್ಯಾಸವಿಷ್ಟೇ, ಅವನು ನಾಲ್ಕನೇ ಭೇಟಿಗೇ ನಿಜ ಹೇಳಿದ. ನನಗೆ ಅದಕ್ಕಿಂತ ತುಂಬಾ ಹೆಚ್ಚು ಕಾಲ ಬೇಕಾಯಿತು. ಅಷ್ಟಕ್ಕೂ ಐಟಿಐ ಎಂದು ಬರೆದಿದ್ದರೆ ನೀವು ಆ ಚಿತ್ರದ ಮೇಲೆ ಬೆರಳನ್ನು ಯಾವ ಕಡೆಗೆ ಸರಿಸುತ್ತಿದ್ದಿರಿ? ಜಾತಕ ನೋಡುವುದನ್ನು ಬಿಟ್ಟಿದ್ದೇವೆ ಎನ್ನುವ ನಿಮ್ಮ ಪೀಳಿಗೆ ಕಾಲೇಜಿನ ಹೆಸರು, ಕಂಪನಿಯ ಹೆಸರು, ಇಂಗ್ಲಿಷಿನ ವ್ಯಾಕರಣ ನೋಡಿ ಕೂಟ ಹೊಂದಿಸುತ್ತದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಳು: ಹುಡುಗ ಕಳುಹಿಸಿದ ಸಂದೇಶದಲ್ಲಿ ಇಂಗ್ಲಿಷ್ ಕಾಗುಣಿತ ತಪ್ಪಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತೇನೆ ಎಂದು. ಅವಳು ಓದಿದ್ದು ಕನ್ನಡ ಮಾಧ್ಯಮದಲ್ಲಿ.

ನಿಮ್ಮ ತಂದೆಯವರಿಗೆ ಹೇಳಲು ಒಂದು ವಿಷಯ ಕೊಡುತ್ತೇನೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು. ನಾನು ಚಿಕ್ಕವಳಿದ್ದಾಗ ಈ ಜಿಲ್ಲೆಯಲ್ಲಿ ಮೊದಲ ದರ್ಜೆಯ ವರ ಎಂದರೆ ಆ ಕಾರ್ಖಾನೆಯವನು, ಇಲ್ಲವೇ ಕಾಗದ ಕಾರ್ಖಾನೆಯವನು. ಕ್ವಾರ್ಟರ್ಸ್ ಉಂಟು, ಬೋನಸ್ ಉಂಟು, ಆಸ್ಪತ್ರೆ ಉಂಟು. ನಮ್ಮ ಚಿಕ್ಕಮ್ಮನಿಗೆ ಮೇಷ್ಟ್ರ ಸಂಬಂಧವನ್ನು ಬಿಟ್ಟು ಕಾರ್ಖಾನೆಯವನಿಗೆ ಕೊಟ್ಟರು. ಅವನು ಓದಿದ್ದು ಎಸ್ಸೆಸ್ಸೆಲ್ಸಿ, ಅದನ್ನು ಕೇಳಿದವರೇ ಇಲ್ಲ. ಆಮೇಲೆ ಕಾಗದ ಕಾರ್ಖಾನೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ ಹೊರಬಿತ್ತು. ಮಧ್ಯದಲ್ಲಿ ಬ್ಯಾಂಕಿನವರ ಕಾಲ ಬಂತು, ಈಗ ಸಾಫ್ಟ್‌ವೇರಿನವರದು. ನಿಮ್ಮ ತಂದೆ ಈ ವರ್ಷದ ಪೇಟೆ ಧಾರಣೆ ನೋಡಿ ಮೂವತ್ತು ವರ್ಷದ ವ್ಯಾಪಾರ ಮಾಡುತ್ತಿದ್ದಾರೆ. ಅಡಿಕೆಯವರು ಯಾರೂ ಹಾಗೆ ಮಾಡುವುದಿಲ್ಲ. ಕಟ್ಟಡಗಳು ಎತ್ತರವಾಗುತ್ತಿರುವ ಊರಿನಲ್ಲಿ ಲಿಫ್ಟ್ ರಿಪೇರಿ ಬಲ್ಲವನಿಗೆ ಕೆಲಸ ತಪ್ಪುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಕೆಲಸದ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ.

ಜಾತಿಯ ವಿಷಯದಲ್ಲಿ ನೀವು ಸರಿಯಾಗಿ ಗುರುತಿಸಿದ್ದೀರಿ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಬೇರೆ ಜಾತಿಯವರನ್ನು ಮದುವೆಯಾದವರು ನೂರಕ್ಕೆ ಐದರಷ್ಟು ಮಾತ್ರ. ಅದೇ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು ಸಂಶೋಧಕರು ಇನ್ನೊಂದನ್ನೂ ತೋರಿಸಿದ್ದಾರೆ: ತನಗಿಂತ ಕಡಿಮೆ ಓದಿದವನನ್ನು ಹೆಣ್ಣು ಮದುವೆಯಾಗುವುದು ಈ ದೇಶದಲ್ಲಿ ಏರುತ್ತಲೇ ಬಂದಿದೆ. ಓದಿನ ಮೆಟ್ಟಿಲನ್ನು ನಮ್ಮ ಜನ ದಾಟುತ್ತಿದ್ದಾರೆ, ಜಾತಿಯ ಗೋಡೆಯನ್ನು ದಾಟುವುದು ಕಷ್ಟವಾಗಿದೆ. ಹಾಗಾಗಿ ‘ಓದು ಕಡಿಮೆ’ ಎನ್ನುವ ಮಾತಿಗೆ ಉತ್ತರ ಕೊಡುತ್ತಾ ಹೋದರೆ ನಿಮಗೆ ಸುಸ್ತಾಗುತ್ತದೆ. ಅವನು ನಾಳೆ ಸಂಜೆ ಕಾಲೇಜಿಗೆ ಸೇರಿ ಡಿಪ್ಲೊಮಾ ಮಾಡಿಕೊಂಡರೆ ಆಗ ಬೇರೇನೋ ಕಡಿಮೆಯಾಗುತ್ತದೆ. ಒಂದು ದಿನ ಊಟವಾದ ಮೇಲೆ ನೇರವಾಗಿ ಕೇಳಿಬಿಡಿ: ‘ಅಪ್ಪಾ, ನಮ್ಮ ಜಾತಿಯ ಐಟಿಐ ಹುಡುಗನಾಗಿದ್ದರೆ?’ ಅವರ ಮುಖ ನೋಡುತ್ತಿರಿ. ಕೊನೆಗೂ ಒಪ್ಪದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, ನೋಂದಣಿಗೆ ಮೂವತ್ತು ದಿನ ಮೊದಲು ನೋಟಿಸು ಕೊಡಬೇಕು. ಆದರೆ ಅವಸರ ಬೇಡ. ಗೋಡೆಗಿಂತ ಮೊದಲು ಆ ಮೊಬೈಲಿನ ಡಬ್ಬಿ ತೆರೆಯಬೇಕಾಗಿದೆ.

2000ದ ಆಸುಪಾಸಿನಲ್ಲಿ ಅಡಿಕೆ ಬೆಲೆ ಕುಸಿಯಿತು. ನಾಲ್ಕು ವರ್ಷ ನಮ್ಮ ಮನೆ ನಡೆದದ್ದು ನನ್ನ ಸಂಬಳದಲ್ಲಿ. ನಾನು ಒಂದು ದಿನವೂ ಆಡಿ ತೋರಿಸಲಿಲ್ಲ, ಅದೇ ದೊಡ್ಡ ಗುಣ ಎಂದುಕೊಂಡಿದ್ದೆ. ಆದರೆ ನಮ್ಮವರು ಪೇಟೆಗೆ ಬರುವುದನ್ನೇ ಬಿಟ್ಟರು, ಕಾಫಿಗೆ ಸಕ್ಕರೆ ಕಡಿಮೆ ಹಾಕಿಕೊಳ್ಳತೊಡಗಿದರು. ಒಂದು ರಾತ್ರಿ ಮಂಡಿಯಿಂದ ಬಂದ ಪಟ್ಟಿಯನ್ನು ಅಡುಗೆಮನೆಯ ನೆಲದ ಮೇಲೆ ಹರಡಿದರು: ತೂಕ ಇಷ್ಟು, ದರ ಇಷ್ಟು, ಕಮಿಷನ್, ಹಮಾಲಿ, ಮುಂಗಡದ ಕಡಿತ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ‘ಇಷ್ಟೇ’ ಎಂದರು. ನಾನು ಎದ್ದು ಹೋಗಿ ನನ್ನ ಸಂಬಳದ ಚೀಟಿ ತಂದು ಪಕ್ಕದಲ್ಲಿಟ್ಟೆ. ಅದರಲ್ಲೂ ಕಡಿತಗಳೇ ಇದ್ದವು: ಸೊಸೈಟಿ ಸಾಲ, ಎಲ್‌ಐಸಿ, ಇನ್ನೊಂದು, ಮತ್ತೊಂದು. ಅವರು ಅದನ್ನು ಓದಿದ್ದು ಅದೇ ಮೊದಲು. ‘ನಿನಗೂ ಹಮಾಲಿ ಹಿಡಿಯುತ್ತಾರಾ!’ ಎಂದು ನಕ್ಕರು. ಅಷ್ಟು ವರ್ಷ ನಾನು ಶ್ರೀಮಂತಳು ಎಂದು ಅವರು ತಿಳಿದಿದ್ದರು, ನಾನು ಉದಾರಿ ಎಂದು ನಾನು ತಿಳಿದಿದ್ದೆ.

ನೀವೂ ಹಾಗೆ ಕೂರಿ. ಇಬ್ಬರ ಚೀಟಿಗಳೂ ಮೇಜಿನ ಮೇಲೆ ಬರಲಿ. ಸುತ್ತಾಟದ ಖರ್ಚನ್ನು ಅರ್ಧರ್ಧ ಮಾಡಬೇಡಿ, ಅದು ಅವನಿಗೆ ಭಾರ. ಎಲ್ಲವನ್ನೂ ನೀವೇ ಕೊಡಬೇಡಿ, ಅದು ಇನ್ನೂ ಭಾರ. ಬರುವ ಸಂಬಳದ ಪ್ರಮಾಣದಲ್ಲಿ ಹಾಕಿ: ಹತ್ತು ಸಾವಿರದ ಖರ್ಚಿಗೆ ನಿಮ್ಮದು ಸುಮಾರು 7,300, ಅವನದು 2,700. ಒಂದು ಖಾತೆಗೆ ಇಬ್ಬರೂ ಮೊದಲೇ ಹಾಕಿಟ್ಟುಬಿಟ್ಟರೆ ಹೋಟೆಲಿನಲ್ಲಿ ಬಿಲ್ಲು ಬಂದಾಗ ಯಾರ ಕೈ ಮುಂದೆ ಹೋಯಿತು ಎಂದು ಮಾಣಿ ನೋಡಬೇಕಾಗಿಲ್ಲ. ಆಮೇಲೆ ದುಡ್ಡಿಗಿಂತ ಕಷ್ಟದ ಪ್ರಶ್ನೆಗಳನ್ನು ಕೇಳಿ. ನಿಮಗೆ ಬೇರೆ ಊರಿಗೆ ಹೋಗಬೇಕಾಗಿ ಬಂದರೆ ಅವನು ಬರುತ್ತಾನೆಯೇ? ಮಗುವಾದಾಗ ಜ್ವರ ಬಂದರೆ ರಜೆ ಹಾಕುವವರು ಯಾರು? ಗೆಳತಿಯರ ಎದುರು ಅವನು ಮಾತಾಡದಿರುವುದು ನಾಚಿಕೆಯಿಂದಲೋ, ಅವರು ಇಂಗ್ಲಿಷಿನಲ್ಲೇ ಮಾತಾಡುವುದರಿಂದಲೋ? ಎರಡನೆಯದಾದರೆ ತಿದ್ದಿಕೊಳ್ಳಬೇಕಾದವರು ಅವರು.

ಪ್ರಶ್ನೆ: ಮಗಳಿಗೆ 30 ವರ್ಷ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸುವ ಹಂತದಲ್ಲಿದ್ದಾಳೆ. ಬಯೋಡೇಟಾದಲ್ಲಿ ಪಿಎಚ್.ಡಿ. ಎಂದು ಹಾಕಿದರೆ ಗಂಡಿನವರು ಹೆದರುತ್ತಾರೆ, ಎಂ.ಎಸ್ಸಿ. ಎಂದಷ್ಟೇ ಹಾಕಿ ಎಂದು ಮದುವೆ ದಲ್ಲಾಳಿ ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? — ಒಬ್ಬ ತಂದೆ, ಸಾಗರ

ಉತ್ತರ: ಮಾಡಬೇಡಿ ರಾಯರೇ. ಎಂಟು ವರ್ಷ ಬಸ್ಸಿನಲ್ಲಿ ಓಡಾಡಿ ಸಂಪಾದಿಸಿದ್ದನ್ನು ಅವಳ ತಂದೆಯೇ ಬಚ್ಚಿಟ್ಟರೆ ಅದನ್ನು ಗೌರವಿಸಿ ಎಂದು ಅಳಿಯನಿಗೆ ಯಾವ ಬಾಯಲ್ಲಿ ಹೇಳುತ್ತೀರಿ? ಹೆದರುವವರು ಈಗಲೇ ಹೆದರಿ ಓಡಿಹೋಗಲಿ, ನಿಮಗೆ ಕಾಫಿಪುಡಿ ಉಳಿಯಿತು. 2021-22ರ ಸರ್ಕಾರಿ ಸಮೀಕ್ಷೆಯಲ್ಲೇ ದೇಶದ ಉನ್ನತ ಶಿಕ್ಷಣದ ದಾಖಲಾತಿ ಪ್ರಮಾಣ ಹುಡುಗಿಯರದು ನೂರಕ್ಕೆ 28.5, ಹುಡುಗರದು 28.3. ಹೆಣ್ಣಿಗಿಂತ ಹೆಚ್ಚು ಓದಿದ ಗಂಡೇ ಬೇಕೆಂದು ಎಲ್ಲರೂ ಹಟ ಹಿಡಿದರೆ ಲೆಕ್ಕವೇ ಕೂಡುವುದಿಲ್ಲ. ದಲ್ಲಾಳಿಯನ್ನು ಬದಲಾಯಿಸಿ. ಅದಕ್ಕೂ ಮೊದಲು, ಮದುವೆ ಬೇಕೇ ಎಂದು ಮಗಳನ್ನು ಕೇಳಿದ್ದೀರಾ? ಪತ್ರದಲ್ಲಿ ಎಲ್ಲರ ಮಾತೂ ಇದೆ, ಅವಳದಿಲ್ಲ.

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮಾಡಿ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. ಸಂಬಳ 22 ಸಾವಿರ. ನನ್ನ ಹೆಸರಿನಲ್ಲಿ 4 ಲಕ್ಷ ಶಿಕ್ಷಣ ಸಾಲವಿದೆ. ಮೂರು ವರ್ಷದಿಂದ ಪ್ರೀತಿಸಿದ ಹುಡುಗನ ಮನೆಯವರು ಒಪ್ಪಿದ್ದಾರೆ, ಆದರೆ ‘ಸಾಲ ತೀರಿಸಿ ಹುಡುಗಿಯನ್ನು ಕಳುಹಿಸಿ, ನಮಗೆ ಬೇರೇನೂ ಬೇಡ’ ಎಂದಿದ್ದಾರೆ. ಅಪ್ಪ ಗದ್ದೆ ಮಾರುವ ಮಾತಾಡುತ್ತಿದ್ದಾರೆ. ಹುಡುಗ ಸುಮ್ಮನಿದ್ದಾನೆ. — ಶಿಕಾರಿಪುರ ತಾಲ್ಲೂಕಿನಿಂದ

ಉತ್ತರ: ಗದ್ದೆ ಮಾರಲು ಬಿಡಬೇಡಿ. ನೂರಕ್ಕೆ ಹತ್ತು ಬಡ್ಡಿ, ಏಳು ವರ್ಷ ಎಂದು ಹಿಡಿದರೆ 4 ಲಕ್ಷಕ್ಕೆ ತಿಂಗಳ ಕಂತು ಸುಮಾರು 6,600 ರೂಪಾಯಿ. ನಿಮ್ಮ ಸಂಬಳದ ಮೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಕಷ್ಟ, ಆದರೆ ನೀವೇ ತೀರಿಸಬಹುದಾದ ಸಾಲ ಇದು. ಹಾಗಿದ್ದೂ ಅವರು ಈ ಷರತ್ತು ಹಾಕುವುದೇಕೆ? ಆ 6,600 ರೂಪಾಯಿ ತಮ್ಮ ಮನೆಯದು ಎಂದು ಈಗಾಗಲೇ ಲೆಕ್ಕ ಹಾಕಿಕೊಂಡಿದ್ದಾರೆ. ‘ಬೇರೇನೂ ಬೇಡ’ ಎಂದರೆ ನಿಮ್ಮ ಸಂಬಳ ಪೂರ್ತಿ ಬೇಕು ಎಂದರ್ಥ.

ನನ್ನ ಅಜ್ಜಿಯ ಕಾಲದಲ್ಲಿ ಮಲೆನಾಡಿನ ಎಷ್ಟೋ ಜಾತಿಗಳಲ್ಲಿ ಗಂಡಿನವರೇ ಹೆಣ್ಣಿನವರಿಗೆ ತೆರ ಕೊಡುತ್ತಿದ್ದರು. ಒಂದು ಜೊತೆ ದುಡಿಯುವ ಕೈ ಆ ಮನೆಯಿಂದ ಈ ಮನೆಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ಆಮೇಲೆ ಅದು ತಿರುಗಾಮುರುಗಾ ಆಗಿ ವರದಕ್ಷಿಣೆ ಬಂತು, 1961ರಿಂದ ಅದು ಅಪರಾಧವೂ ಆಯಿತು. ಈಗ ದುಡಿಯುವ ಕೈಯನ್ನೂ ಕೊಡಬೇಕು, ಆ ಕೈ ಕಲಿತದ್ದರ ಖರ್ಚನ್ನೂ ತೀರಿಸಿ ಕೊಡಬೇಕು. ಇದನ್ನು ವರದಕ್ಷಿಣೆ ಎಂದು ಅವರು ಯಾರೂ ಕರೆಯುವುದಿಲ್ಲ. ನಾನು ಅದರ ದಾಯಾದಿ ಎಂದು ಕರೆಯುತ್ತೇನೆ.

ಆದರೆ ನನಗೆ ಚಿಂತೆಯಿರುವುದು ಆ ‘ಸುಮ್ಮನಿದ್ದಾನೆ’ ಎನ್ನುವ ಮಾತಿನ ಬಗ್ಗೆ. ಅವನನ್ನು ಒಂದು ಭಾನುವಾರ ಕರೆದು ಕೂರಿಸಿ ಹೀಗೆ ಹೇಳಿ: ಸಾಲ ನನ್ನದು, ನಾನೇ ಕಟ್ಟುತ್ತೇನೆ, ಏಳು ವರ್ಷ ನನ್ನ ಸಂಬಳದಲ್ಲಿ 6,600 ಇಲ್ಲ ಎಂದೇ ತಿಳಿದುಕೋ, ಇದನ್ನು ನಿನ್ನ ಅಪ್ಪ ಅಮ್ಮನಿಗೆ ನೀನೇ ಹೇಳಬೇಕು. ಒಂದು ತಿಂಗಳು ಗಡುವು ಕೊಡಿ. ಹೇಳಿದರೆ ಸರಿ. ಆಗಲೂ ಸುಮ್ಮನಿದ್ದರೆ ನನಗೆ ಇನ್ನೊಂದು ಪತ್ರ ಬರೆಯುವ ಅಗತ್ಯ ನಿಮಗಿರುವುದಿಲ್ಲ.

ಪ್ರಶ್ನೆ: ಡಿಗ್ರಿ ಎರಡನೇ ವರ್ಷ. ತಿಂಗಳಿಗೆ ಮನೆಯಿಂದ 1,500 ಬರುತ್ತದೆ. ನನ್ನ ಜೊತೆ ಓದುವ ಹುಡುಗಿಗೆ ನನ್ನ ಮೇಲೆ ಇಷ್ಟವಿದೆ ಎನ್ನಿಸುತ್ತದೆ. ಅವಳ ತಂದೆ ಡಾಕ್ಟರ್. ದೊಡ್ಡ ಕೆಫೆಗೆ ಕರೆದುಕೊಂಡು ಹೋಗಬೇಕೆಂದರೆ ಒಂದೇ ಸಲಕ್ಕೆ 600 ಆಗುತ್ತದೆ. ಸಾಲ ಮಾಡಲೇ? — ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಮಾಡಬೇಡ ಮಗನೇ. ಗಾಂಧಿ ಬಜಾರಿನಲ್ಲಿ ಇಬ್ಬರೂ ಕಾಫಿ ಕುಡಿದು, ತುಂಗೆಯ ಹಳೆಯ ಸೇತುವೆಯ ತನಕ ನಡೆದುಕೊಂಡು ಹೋಗಿ ಬಾ. ತಿಂಗಳಿಗೆ 1,500 ಬರುತ್ತದೆ ಎನ್ನುವುದನ್ನು ಆ ದಾರಿಯಲ್ಲೇ ಹೇಳಿಬಿಡು. ಮತ್ತೆ ಒಂದು ವಿಷಯ: ಅವಳಿಗೆ ಇಷ್ಟವಿದೆ ಎಂದು ನಿನಗೆ ಅನ್ನಿಸುತ್ತದೆ ಎಂದಷ್ಟೇ ಬರೆದಿದ್ದೀಯೆ. 600 ರೂಪಾಯಿಗಿಂತ ಮೊದಲು ಅದನ್ನು ಖಚಿತ ಮಾಡಿಕೋ. ಕೊಡೆ ತೆಗೆದುಕೊಂಡು ಹೋಗು, ಈ ವಾರ ಮಳೆ ಬಿಡುವ ಲಕ್ಷಣ ಕಾಣುತ್ತಿಲ್ಲ.